ಮರಳುಗಾಡಿನ ಮಣ್ಣಿನ ಮಹಲುಗಳು

ಮಣ್ಣಿನ ಮನೆ ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಚಿಕ್ಕದು. ಗಿಡ್ಡನೆಯ ಗೋಡೆ, ತಲೆ ತಗ್ಗಿಸಿ ಒಳಹೋಗಬೇಕಾದ ಬಾಗಿಲು, ಮಳೆಗಾಲ ಬಂತೆಂದರೆ ಮನೆಯವರಿಗೆ ಹುಟ್ಟುವ ಆತಂಕ. ನಮ್ಮ ನಾಡಿನ ವಿಜಯಪುರ, ರಾಯಚೂರು, ಬಳ್ಳಾರಿ ಕಡೆಯ ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆಗಳನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಕೆಲವರು ಅಂಥ ಮನೆಯಲ್ಲಿಯೇ ಹುಟ್ಟಿ ಬೆಳೆದಿರಬಹುದು. ಆ ಮನೆಗಳು ಸಾಮಾನ್ಯವಾಗಿ ಒಂದಂತಸ್ತಿನವು. ಹೆಚ್ಚೆಂದರೆ ಮೇಲೊಂದು ಕೋಣೆ ಇದ್ದೀತು. ಕಲ್ಲಾಗಲಿ, ಸುಟ್ಟ ಇಟ್ಟಿಗೆಯಾಗಲಿ, ಉಕ್ಕಾಗಲಿ ಇಲ್ಲದೆ, ಬಿಸಿಲಿನಲ್ಲಿ ಒಣಗಿದ ಹಸಿ ಇಟ್ಟಿಗೆಯಿಂದಲೇ ಏಳೆಂಟು ಅಂತಸ್ತಿನ ಮನೆಯನ್ನು ಕಟ್ಟಬಹುದೆಂದು ಯಾರಾದರೂ ಹೇಳಿದರೆ ನಾವು ನಂಬುವುದು ಕಷ್ಟ. ಆದರೆ ಅಂಥ ಮನೆಗಳು ಒಂದಲ್ಲ, ಎರಡಲ್ಲ, ನಾನೂರಕ್ಕೂ ಹೆಚ್ಚು ಸಂಖ್ಯೆಯಲ್ಲಿ ಒಂದರ ಮಗ್ಗುಲಿಗೆ ಒಂದು ನಿಂತಿರುವ ಊರೊಂದು ಈ ಭೂಮಿಯ ಮೇಲಿದೆ. ಅದರ ಹೆಸರು ಶಿಬಾಮ್.

ಶಿಬಾಮ್ ಇರುವುದು ಅರಬ್ಬೀ ಪರ್ಯಾಯದ್ವೀಪದ ದಕ್ಷಿಣ ಭಾಗದಲ್ಲಿರುವ ಯೆಮೆನ್ ದೇಶದಲ್ಲಿ. ನಮ್ಮ ಕಾರವಾರ, ಮಂಗಳೂರುಗಳ ದಡವನ್ನು ತೊಳೆಯುವ ಅರಬ್ಬೀ ಸಮುದ್ರವೇ ಆ ದೇಶದ ದಕ್ಷಿಣದ ತೀರವನ್ನೂ ಮುಟ್ಟುತ್ತದೆ. ತೀರದಿಂದ ಉತ್ತರಕ್ಕೆ ಹೊರಟು, ಬೋಳು ಬೆಟ್ಟಗಳನ್ನು ಏರಿ, ಹುಲ್ಲುಕಡ್ಡಿಯೂ ಅಪರೂಪವಾದ ಕಲ್ಲು ಪ್ರಸ್ಥಭೂಮಿಯನ್ನು ದಾಟಿದರೆ, ನೆಲ ಒಮ್ಮೆಗೇ ಕುಸಿದಂತೆ ಒಂದು ಆಳವಾದ ಕಣಿವೆ ಕಾಣಿಸುತ್ತದೆ. ಅದೇ ಹದ್ರಮೌತ್ ಕಣಿವೆ. ಅದರ ಉತ್ತರಕ್ಕೆ ಮತ್ತೆ ಪ್ರಸ್ಥಭೂಮಿ. ಅದನ್ನೂ ದಾಟಿದರೆ ಜಗತ್ತಿನ ಅತಿ ದೊಡ್ಡ ಮರಳಿನ ಹರವುಗಳಲ್ಲಿ ಒಂದಾದ ರುಬ್ ಅಲ್ ಖಾಲಿ ಮರುಭೂಮಿ. ಕಣಿವೆಯ ತಳದಲ್ಲಿ ವರ್ಷದ ಬಹುಕಾಲ ನೀರಿಲ್ಲದ ನದೀಪಾತ್ರವೊಂದಿದೆ. ಇಂಥ ಒಣ ನದೀಪಾತ್ರವನ್ನು ಅರಬ್ಬೀ ಭಾಷೆಯಲ್ಲಿ 'ವಾದಿ' ಎನ್ನುತ್ತಾರೆ. ಮೇಲಿನ ಬೆಟ್ಟಗಳಲ್ಲಿ ಮಳೆ ಸುರಿದಾಗ ಈ ವಾದಿಯಲ್ಲಿ ಕೆಂಪು ನೀರು ಭೋರ್ಗರೆಯುತ್ತ ಬರುತ್ತದೆ. ಕೆಲವು ಗಂಟೆಗಳಲ್ಲಿ, ಇಲ್ಲವೆ ಕೆಲವು ದಿನಗಳಲ್ಲಿ ಇಂಗಿಹೋಗುತ್ತದೆ. ಹಾಗೆ ಬಂದ ನೀರು ಬಿಟ್ಟುಹೋಗುವ ಮೆಕ್ಕಲು ಮಣ್ಣಿನಲ್ಲಿ ಖರ್ಜೂರದ ತೋಪುಗಳೂ ಧಾನ್ಯದ ಹೊಲಗಳೂ ಹಸಿರಾಗಿ ನಿಂತಿವೆ. ಆ ಹಸಿರಿನ ನಡುವೆ, ಸ್ವಲ್ಪ ಎತ್ತರದ ದಿಬ್ಬವೊಂದರ ಮೇಲೆ, ಕಂದುಬಣ್ಣದ ಗೋಪುರಗಳ ಗುಂಪಿನಂತೆ ಶಿಬಾಮ್ ತಲೆಯೆತ್ತಿದೆ. ದೂರದಿಂದ ನೋಡಿದ ಪ್ರವಾಸಿಗರು ಅದನ್ನು ಅಮೆರಿಕದ ಗಗನಚುಂಬಿ ಕಟ್ಟಡಗಳ ನಗರಕ್ಕೆ ಹೋಲಿಸಿ 'ಮರುಭೂಮಿಯ ಮ್ಯಾನ್‌ಹಾಟನ್' ಎಂದು ಕರೆದಿದ್ದಾರೆ. ಆದರೆ ಅಮೆರಿಕದಲ್ಲಿ ಗಗನಚುಂಬಿಗಳು ಏಳುವುದಕ್ಕೆ ಮುನ್ನೂರು ವರ್ಷಗಳಿಗೂ ಮೊದಲೇ ಶಿಬಾಮಿನ ಮನೆಗಳು ಆಕಾಶದತ್ತ ಮುಖಮಾಡಿದ್ದವು.

ಈ ಕಣಿವೆಗೆ ಪ್ರಾಚೀನವಾದ ಇತಿಹಾಸವಿದೆ. ದಕ್ಷಿಣ ಅರೇಬಿಯದ ಕಲ್ಲುನೆಲದಲ್ಲಿ ಬೆಳೆಯುವ ಒಂದು ಬಗೆಯ ಕುರುಚಲು ಮರದ ತೊಗಟೆಯನ್ನು ಗೀರಿದರೆ ಹಾಲಿನಂಥ ರಸ ಒಸರಿ, ಒಣಗಿ ಅಂಟಾಗುತ್ತದೆ. ಕೆಂಡದ ಮೇಲೆ ಹಾಕಿದರೆ ಆ ಅಂಟಿನಿಂದ ಸುಗಂಧದ ಹೊಗೆ ಏಳುತ್ತದೆ. ಈಜಿಪ್ಟಿನ ದೇವಾಲಯಗಳಿಗೂ ರೋಮಿನ ಅರಮನೆಗಳಿಗೂ ಈ ಧೂಪ ಬೇಕಾಗಿತ್ತು. ಅದನ್ನು ಹೊತ್ತ ಒಂಟೆಗಳ ಸಾಲುಗಳು ಹದ್ರಮೌತಿನ ಮೂಲಕ ಮೆಡಿಟರೇನಿಯನ್ ಸಮುದ್ರದ ತೀರದವರೆಗೆ ನಡೆಯುತ್ತಿದ್ದವು. ಆ ವ್ಯಾಪಾರದ ದಾರಿಯಲ್ಲಿ ತಂಗುದಾಣವಾಗಿ, ಸಂತೆಯಾಗಿ ಶಿಬಾಮ್ ಬೆಳೆಯಿತು. ಊರಿನ ದೊಡ್ಡ ಮಸೀದಿಯ ಬಹುಭಾಗ ಕ್ರಿ.ಶ. ೯ ಅಥವಾ ೧೦ನೆಯ ಶತಮಾನದ್ದು. ಕೋಟೆ ೧೩ನೆಯ ಶತಮಾನದ್ದು. ಆದರೆ ಅಂದಿನ ಮನೆಗಳು ಇಂದು ಉಳಿದಿಲ್ಲ. ೧೨೯೮ರಲ್ಲಿ ಬಂದ ಪ್ರವಾಹ ಊರಿನ ಒಂದು ಭಾಗವನ್ನು ನಾಶಮಾಡಿತು. ೧೫೩೨–೩೩ರಲ್ಲಿ ಇನ್ನೊಂದು ಪ್ರವಾಹ ಬಂದು ಮತ್ತೆ ಊರಿನ ಬಹಳಷ್ಟನ್ನು ಕೊಚ್ಚಿಕೊಂಡು ಹೋಯಿತು. ಉಳಿದವರು ಊರು ಬಿಟ್ಟು ಹೋಗಲಿಲ್ಲ. ಹೊಳೆ ತಂದು ಸುರಿದ ಅದೇ ಮಣ್ಣನ್ನು ಕಲಸಿ, ಅಚ್ಚಿಗೆ ಹಾಕಿ, ಒಣಗಿಸಿ, ಮತ್ತೆ ಮನೆಗಳನ್ನು ಕಟ್ಟಿದರು. ಇಂದು ನಮಗೆ ಕಾಣುವ ಶಿಬಾಮ್ ಆ ಪ್ರವಾಹದ ಅನಂತರ ಎದ್ದುನಿಂತ ಊರು.

ಸುತ್ತಲೂ ಇಷ್ಟೊಂದು ಬಯಲಿರುವಾಗ ಇವರು ಮನೆಗಳನ್ನು ಹರಡಿಕೊಂಡು ಕಟ್ಟದೆ ಇಷ್ಟು ಎತ್ತರಕ್ಕೆ ಏಕೆ ಕಟ್ಟಿದರು? ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಪ್ರವಾಹದ ಭಯ. ನೀರು ಏರದ ದಿಬ್ಬ ಚಿಕ್ಕದು. ಅದರ ಮೇಲೆ ಇರುವಷ್ಟೇ ಜಾಗದಲ್ಲಿ ಎಲ್ಲರೂ ನೆಲೆಸಬೇಕು. ಎರಡನೆಯದು ಹೊಲದ ಬೆಲೆ. ಮರುಭೂಮಿಯಲ್ಲಿ ನೀರು ಹಾಯುವ ಒಂದು ಗೇಣು ನೆಲವೂ ಅನ್ನದ ನೆಲ. ಅದರ ಮೇಲೆ ಮನೆ ಕಟ್ಟುವುದೆಂದರೆ ಉಣ್ಣುವ ತಟ್ಟೆಯ ಮೇಲೆ ಮಲಗಿದಂತೆ. ಮೂರನೆಯದು ಕಳ್ಳಕಾಕರ, ದಂಡಿನವರ ಕಾಟ. ಶ್ರೀಮಂತ ವರ್ತಕರ ಊರಿಗೆ ದಾಳಿಯ ಭಯ ತಪ್ಪದು. ಆದ್ದರಿಂದ ಊರ ಸುತ್ತ ಮಣ್ಣಿನದೇ ಗೋಡೆ. ಒಳಗೆ ಬರಲು ಒಂದು ಹೆಬ್ಬಾಗಿಲು. ಒಳಗಿನ ಮನೆಗಳು ಒಂದೊಂದೂ ಒಂದೊಂದು ಕೋಟೆ. ಹೀಗೆ ಹೊಳೆ, ಹೊಲ, ಹಗೆ ಈ ಮೂರೂ ಸೇರಿ ಶಿಬಾಮನ್ನು ಮೇಲಕ್ಕೆ ಬೆಳೆಸಿದವು. ಬೀದಿಗಳೂ ಮನೆಗಳೂ ಬಹುಮಟ್ಟಿಗೆ ಗೆರೆ ಎಳೆದಂತೆ ಚೌಕಗಳಾಗಿ ಹೊಂದಿಕೊಂಡಿರುವುದನ್ನು ಕಂಡು, ಎತ್ತರವಾಗಿ ಕಟ್ಟುವ ತತ್ತ್ವದ ಮೇಲೆ ರೂಪುಗೊಂಡ ಹಳೆಯ ನಗರಯೋಜನೆಗಳಲ್ಲಿ ಇದು ಅತ್ಯುತ್ತಮವಾದವುಗಳಲ್ಲಿ ಒಂದೆಂದು ತಜ್ಞರು ಹೇಳುತ್ತಾರೆ.

ಮನೆ ಕಟ್ಟುವ ಕೆಲಸ ಆರಂಭವಾಗುವುದು ತೋಟದಲ್ಲಿ. ಪ್ರವಾಹದ ನೀರು ವರ್ಷವರ್ಷವೂ ಖರ್ಜೂರದ ತೋಪುಗಳಲ್ಲಿ ನಯವಾದ ಮೆಕ್ಕಲನ್ನು ತಂದು ಹಾಕುತ್ತದೆ. ಆ ಮಣ್ಣನ್ನು ತೆಗೆದು, ನೀರು ಹಾಕಿ, ಧಾನ್ಯದ ಹೊಟ್ಟನ್ನು ಬೆರೆಸಿ, ಕಾಲಿನಿಂದ ತುಳಿದು ಹದಮಾಡುತ್ತಾರೆ. ಹೊಟ್ಟು ಬೆರೆಸುವುದಕ್ಕೆ ಅರ್ಥವಿದೆ. ಜಿಗುಟು ಮಣ್ಣು ಒಣಗುವಾಗ ಕುಗ್ಗುತ್ತದೆ. ಕುಗ್ಗಿದಾಗ ಬಿರುಕು ಬಿಡುತ್ತದೆ. ಮಣ್ಣಿನೊಳಗೆ ಸೇರಿಕೊಂಡ ಹೊಟ್ಟಿನ ಎಳೆಗಳು ಅದನ್ನು ಹಿಡಿದಿಟ್ಟು ಬಿರುಕು ಹರಡದಂತೆ ತಡೆಯುತ್ತವೆ. ಹದವಾದ ಮಣ್ಣನ್ನು ಮರದ ಚೌಕಟ್ಟಿನ ಅಚ್ಚಿಗೆ ತುಂಬಿ, ಕೈಯಿಂದ ಸವರಿ, ಅಚ್ಚನ್ನು ಮೇಲಕ್ಕೆತ್ತುತ್ತಾರೆ. ಬಯಲಿನಲ್ಲಿ ಸಾಲುಸಾಲಾಗಿ ಉಳಿದ ಆ ಇಟ್ಟಿಗೆಗಳನ್ನು ಕೆಲವು ದಿನ ಬಿಸಿಲಿಗೆ ಬಿಟ್ಟು, ಮಗುಚಿಹಾಕಿ, ಮತ್ತೆ ಒಣಗಿಸುತ್ತಾರೆ. ಇದಕ್ಕೆ ಸೌದೆ ಬೇಡ, ಗೂಡು ಬೇಡ. ಸೂರ್ಯನೇ ಇಲ್ಲಿಯ ಇಟ್ಟಿಗೆಗೂಡು. ಈ ಹಸಿ ಇಟ್ಟಿಗೆಗೆ ಅಲ್ಲಿಯವರು 'ಮದರ್' ಎಂದು ಹೇಳುತ್ತಾರೆ. ಇಟ್ಟಿಗೆಗಳ ಗಾತ್ರ ಒಂದೇ ಬಗೆಯದಲ್ಲ. ಕೆಳಗಿನ ಅಂತಸ್ತಿಗೆ ದೊಡ್ಡವು, ಮೇಲಿನ ಅಂತಸ್ತಿಗೆ ಚಿಕ್ಕವು ಮತ್ತು ತೆಳುವಾದವು.

ಗೋಡೆಯೂ ಹಾಗೆಯೇ. ನೆಲಮಟ್ಟದಲ್ಲಿ ಅದು ಒಂದು ಮೀಟರಿನಷ್ಟು ದಪ್ಪ. ಮೇಲೇರಿದಂತೆಲ್ಲ ತೆಳುವಾಗುತ್ತ, ಮೇಲಿನ ಅಂತಸ್ತಿನಲ್ಲಿ ಒಂದಡಿಯ ಆಸುಪಾಸಿಗೆ ಬರುತ್ತದೆ. ಹೊರಮೈ ಸ್ವಲ್ಪ ಒಳಕ್ಕೆ ವಾಲಿರುವುದರಿಂದ ಇಡೀ ಮನೆ ಬುಡದಲ್ಲಿ ಅಗಲವಾಗಿ ತುದಿಯಲ್ಲಿ ಕಿರಿದಾಗಿ ಕಾಣುತ್ತದೆ. ಮಣ್ಣಿಗೆ ಭಾರವನ್ನು ಹೊರುವ ಶಕ್ತಿಯಿದೆ. ಆದರೆ ಎಳೆತವನ್ನೂ ಬಾಗುವಿಕೆಯನ್ನೂ ತಾಳುವ ಶಕ್ತಿ ಇಲ್ಲ. ಮೇಲಿನ ಭಾರವನ್ನು ಕಡಿಮೆಮಾಡುತ್ತ ಹೋಗಿ, ಕೆಳಗಿನ ಗೋಡೆಯನ್ನು ಅಗಲಿಸಿದರೆ ಮಾತ್ರ ಅದು ಎತ್ತರಕ್ಕೆ ನಿಲ್ಲಬಲ್ಲದು. ಈ ಸೂತ್ರವನ್ನು ಶಿಬಾಮಿನ ಮೇಸ್ತ್ರಿಗಳು ಯಾವ ಗ್ರಂಥದಿಂದಲೂ ಕಲಿಯಲಿಲ್ಲ. ತಂದೆಯ ಕೈಕೆಳಗೆ ಮಗ ದುಡಿದು ಕಲಿತರು. ಒಂದು ಅಂತಸ್ತು ಮುಗಿದ ಮೇಲೆ ಅದು ಚೆನ್ನಾಗಿ ಒಣಗಿ ಗಟ್ಟಿಯಾಗುವವರೆಗೆ ಮೇಲಿನ ಅಂತಸ್ತಿಗೆ ಕೈ ಹಾಕುವುದಿಲ್ಲ. ಅವಸರಪಟ್ಟವನ ಮನೆ ಅವನ ತಲೆಯ ಮೇಲೆಯೇ ಬೀಳುತ್ತದೆ. ಅಂತಸ್ತುಗಳ ನಡುವೆ ಮರದ ತೊಲೆಗಳನ್ನು ಹಾಸಿ, ಅವುಗಳ ಮೇಲೆ ಕಡ್ಡಿ, ಗರಿಗಳನ್ನು ಹರಡಿ, ಮಣ್ಣು ಮೆತ್ತುತ್ತಾರೆ. ತೊಲೆಗೂ ಬಾಗಿಲಿಗೂ ಬಳಸುವುದು ಅಲ್ಲಿ ಬೆಳೆಯುವ ಗಟ್ಟಿ ಮರವೊಂದನ್ನು. ಅದು ನಮ್ಮ ಬೋರೆ ಹಣ್ಣಿನ ಮರದ ಜಾತಿಗೆ ಸೇರಿದ್ದು. ಹೀಗೆ ಕಟ್ಟಿದ ಮನೆಗಳಲ್ಲಿ ಅತಿ ಎತ್ತರವಾದವು ಮೂವತ್ತು ಮೀಟರುಗಳ ಹತ್ತಿರ ಹತ್ತಿರ ಇವೆ.

ಈಗ ನಾವು ಒಂದು ಮನೆಯೊಳಗೆ ಹೋಗಿ ನೋಡೋಣ. ಬೀದಿಯ ಬಾಗಿಲು ದಪ್ಪ ಮರದ್ದು, ಕೆತ್ತನೆಯಿಂದ ಅಲಂಕೃತವಾದುದು. ಅದರ ಬೀಗವೂ ಮರದ್ದೇ, ಬೀಗದ ಕೈಯೂ ಮರದ್ದೇ. ನೆಲಮಟ್ಟದ ಅಂತಸ್ತಿಗೆ ಕಿಟಕಿಗಳಿಲ್ಲ. ಗಾಳಿಗೆಂದು ಸಣ್ಣ ಕಿಂಡಿಗಳಿರುತ್ತವೆ, ಅಷ್ಟೆ. ಇಲ್ಲಿ ಧಾನ್ಯ, ಖರ್ಜೂರ ಮೊದಲಾದವುಗಳ ಉಗ್ರಾಣ. ಅದರ ಮೇಲೆ ಆಡುಕುರಿಗಳ ಕೊಟ್ಟಿಗೆ. ಮುತ್ತಿಗೆ ಬಿದ್ದರೂ ಬಾಗಿಲು ಹಾಕಿಕೊಂಡು ಮನೆಯವರು ಬಹುದಿನ ಬದುಕಬಹುದಾಗಿತ್ತು. ಇನ್ನೂ ಮೇಲೆ ಹೋದರೆ ಗಂಡಸರು ಅತಿಥಿಗಳೊಡನೆ ಕುಳಿತು ಮಾತನಾಡುವ ವಿಶಾಲವಾದ ಪಡಸಾಲೆ. ಅದರಲ್ಲಿ ಕೆತ್ತನೆಯ ಮರದ ಕಂಬಗಳು, ನುಣುಪಾದ ಬಿಳಿಯ ಗೋಡೆಗಳು. ಅದರ ಮೇಲಿನ ಅಂತಸ್ತು ಹೆಂಗಸರದು, ಅಡುಗೆಮನೆಯೂ ಮೇಲ್ಗಡೆಯೇ. ಎಲ್ಲಕ್ಕಿಂತ ಮೇಲೆ ಕುಟುಂಬದವರು ಕೂಡುವ ಕೋಣೆ ಮತ್ತು ಬೇಸಿಗೆಯ ರಾತ್ರಿಗಳಲ್ಲಿ ಮಲಗುವ ತೆರೆದ ಮಾಳಿಗೆ. ಕಿಟಕಿಗಳಿಗೆ ಮರದ ಜಾಲಂಧ್ರಗಳಿವೆ. ಒಳಗಿನಿಂದ ಬೀದಿ ಕಾಣುತ್ತದೆ, ಬೀದಿಯಿಂದ ಒಳಗು ಕಾಣುವುದಿಲ್ಲ. ಅಕ್ಕಪಕ್ಕದ ಕೆಲವು ಮನೆಗಳ ಮೇಲಂತಸ್ತುಗಳನ್ನು ಕೂಡಿಸುವ ಬಾಗಿಲುಗಳೂ ಇವೆ. ಮೆಟ್ಟಿಲಿಳಿದು ಬೀದಿಗೆ ಬರಲಾರದ ಮುದುಕಿಯೂ ಈ ಬಾಗಿಲನ್ನು ತಳ್ಳಿ ನೆರೆಮನೆಗೆ ಹೋಗಿ ಕಷ್ಟಸುಖ ವಿಚಾರಿಸಬಹುದು. ಶತ್ರು ನುಗ್ಗಿದರೆ ಒಂದು ಮನೆಯವರು ಇನ್ನೊಂದು ಮನೆಗೆ ಪಾರಾಗಬಹುದು.

ಹೊರಗೆ ನೆತ್ತಿ ಸುಡುವ ಬಿಸಿಲಿದ್ದರೂ ಒಳಗೆ ಕಾಲಿಟ್ಟರೆ ಮೈಗೆ ತಂಪು ತಾಗುತ್ತದೆ. ದಪ್ಪ ಮಣ್ಣಿನ ಗೋಡೆ ಬೆಚ್ಚಗಾಗಲು ಬಹಳ ಹೊತ್ತು ಬೇಕು. ಹಗಲಿನ ಕಾವು ಗೋಡೆಯನ್ನು ಹೊಕ್ಕು ಒಳಬದಿಯನ್ನು ಮುಟ್ಟುವಷ್ಟರಲ್ಲಿ ಸಂಜೆಯಾಗಿರುತ್ತದೆ. ಮರುಭೂಮಿಯ ರಾತ್ರಿ ತಣ್ಣಗಿರುವುದರಿಂದ ಆಗ ಆ ಕಾವು ಹಿತವಾಗುತ್ತದೆ. ಬೆಳಗಿನ ಹೊತ್ತಿಗೆ ಗೋಡೆ ಮತ್ತೆ ತಂಪಾಗಿ ಮುಂದಿನ ಹಗಲಿಗೆ ಸಿದ್ಧವಾಗುತ್ತದೆ. ಮನೆಗಳು ಒತ್ತಾಗಿ ಎತ್ತರವಾಗಿ ನಿಂತಿರುವುದರಿಂದ ನಡುವಿನ ಓಣಿಗಳಿಗೆ ಬಿಸಿಲು ಇಳಿಯುವುದೇ ಅಪರೂಪ. ನಡುಮಧ್ಯಾಹ್ನದಲ್ಲಿಯೂ ಮಕ್ಕಳು ಅಲ್ಲಿ ನೆರಳಿನಲ್ಲಿ ಆಡಬಹುದು.

ಇಷ್ಟೆಲ್ಲ ಗುಣಗಳುಳ್ಳ ಮಣ್ಣಿಗೆ ಒಬ್ಬ ಶತ್ರುವಿದ್ದಾನೆ. ಅವನೇ ನೀರು. ಯಾವ ನೀರು ಮೆಕ್ಕಲನ್ನು ತಂದು ಇಟ್ಟಿಗೆಗೆ ಜನ್ಮ ಕೊಟ್ಟಿತೋ ಅದೇ ನೀರು ಇಟ್ಟಿಗೆಯನ್ನು ಮತ್ತೆ ಕೆಸರು ಮಾಡಬಲ್ಲದು. ಆದ್ದರಿಂದ ಶಿಬಾಮಿನವರು ಮನೆಯ ಮಾಳಿಗೆಗೂ ಮೇಲಿನ ಅಂತಸ್ತುಗಳಿಗೂ ಸುಣ್ಣದ ಗಾರೆಯ ಗಿಲಾವು ಕೊಡುತ್ತಾರೆ. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಆಳುಗಳು ಸಾಲಾಗಿ ನಿಂತು ಉದ್ದನೆಯ ಕೋಲುಗಳಿಂದ ಅದನ್ನು ತಾಳಕ್ಕೆ ಸರಿಯಾಗಿ ಬಡಿಯುತ್ತಾರೆ. ಗಂಟೆಗಟ್ಟಲೆ ಬಡಿದು ಬೆಣ್ಣೆಯಂತಾದ ಮೇಲೆ ಗೋಡೆಗೆ ಬಳಿದು ಉಜ್ಜಿ ಹೊಳಪು ಬರಿಸುತ್ತಾರೆ. ದೂರದಿಂದ ನೋಡಿದಾಗ ಕಂದು ಗೋಪುರಗಳ ತಲೆಯ ಮೇಲೆ ಬಿಳಿಯ ಪೇಟ ಸುತ್ತಿದಂತೆ ಕಾಣುವುದು ಈ ಸುಣ್ಣದಿಂದಲೇ. ಸುಣ್ಣದ ಲೇಪ ಮಳೆಯ ನೀರನ್ನು ಜಾರಿಸುತ್ತದೆ. ಆದರೆ ಒಳಗಿನ ತೇವ ಆವಿಯಾಗಿ ಹೊರಹೋಗುವುದನ್ನು ತಡೆಯುವುದಿಲ್ಲ. ಮಾಳಿಗೆಯ ನೀರು ಗೋಡೆಗೆ ತಾಗದಂತೆ ಮರದ ದೋಣಿಗಳನ್ನು ಮುಂದಕ್ಕೆ ಚಾಚಿ ಇಟ್ಟಿರುತ್ತಾರೆ. ಹೀಗಿದ್ದರೂ ಗಾಳಿ, ಮಳೆಗಳಿಂದ ಗಿಲಾವು ಸವೆಯುತ್ತದೆ. ಪ್ರತಿ ಮಳೆಯಾದ ಮೇಲೂ ಮಾಳಿಗೆಗೆ ಹತ್ತಿ ನೋಡಬೇಕು. ಬಿರುಕು ಕಂಡರೆ ಅಂದೇ ಮೆತ್ತಬೇಕು. ಒಂದು ಬೆರಳಗಲದ ಬಿರುಕನ್ನು ಇಂದು ಅಲಕ್ಷಿಸಿದರೆ ಕೆಲವು ಮಳೆಗಾಲಗಳಲ್ಲಿ ಒಂದು ಗೋಡೆಯೇ ಹೋಗುತ್ತದೆ. ಒಂದು ಮನೆ ಕುಸಿದರೆ ಅದಕ್ಕೆ ಒರಗಿದ ನೆರೆಮನೆಗೂ ಅಪಾಯ. ಆದ್ದರಿಂದ ಶಿಬಾಮಿನಲ್ಲಿ ತನ್ನ ಮನೆಯನ್ನು ನೋಡಿಕೊಳ್ಳುವುದು ನೆರೆಯವನಿಗೆ ಸಲ್ಲಿಸುವ ಋಣವೂ ಹೌದು.

ಹದ್ರಮೌತಿನ ಜನ ಹಿಂದಿನಿಂದಲೂ ಸಂಚಾರಪ್ರಿಯರು. ಕಣಿವೆಯ ಹೊಲಗಳು ಎಲ್ಲರಿಗೂ ಅನ್ನ ಕೊಡಲಾರದೆ ಹೋದಾಗ ಅವರು ಹಡಗು ಹತ್ತಿ ಜಾವಾ, ಸಿಂಗಪುರ, ಪೂರ್ವ ಆಫ್ರಿಕಗಳಿಗೆ ಹೋದರು. ನಮ್ಮ ದಖ್ಖನಿಗೂ ಬಂದರು. ಇಂದಿನ ಕಲ್ಯಾಣ ಕರ್ನಾಟಕದ ಬೀದರ, ಕಲಬುರಗಿ ಮೊದಲಾದ ಜಿಲ್ಲೆಗಳನ್ನೂ ಒಳಗೊಂಡಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಅರಬ್ ಪಡೆಗಳಲ್ಲಿದ್ದವರಲ್ಲಿ ಬಹುಮಂದಿ ಹದ್ರಮೌತಿನವರೇ. ಆ ಪಡೆಯಲ್ಲಿ ಜಮಾದಾರನಾಗಿದ್ದ ಉಮರ್ ಬಿನ್ ಅವದ್ ಎಂಬವನ ಮನೆತನ ಹೈದರಾಬಾದಿನಲ್ಲಿ ಗಳಿಸಿದ ಹಣದ ಬಲದಿಂದ ತಾಯ್ನಾಡಿನಲ್ಲಿ ಕುಐತಿ ಎಂಬ ಸುಲ್ತಾನರ ವಂಶವನ್ನೇ ಸ್ಥಾಪಿಸಿತು. ೧೮೫೮ರಲ್ಲಿ ಶಿಬಾಮ್ ಆ ಮನೆತನದ ವಶವಾಯಿತು. ೧೯೬೭ರವರೆಗೂ ಅವರ ಆಳ್ವಿಕೆ ನಡೆಯಿತು. ಪರದೇಶದಲ್ಲಿ ದುಡಿದವರು ಕಳುಹಿಸಿದ ಹಣದಿಂದ ಮನೆಗಳು ದುರಸ್ತಿಯಾಗುತ್ತಿದ್ದವು. ಹೀಗೆ, ಸಮುದ್ರದಾಚೆಯ ದುಡಿಮೆಯೂ ಶಿಬಾಮಿನ ಗೋಡೆಗಳಲ್ಲಿ ಸೇರಿಕೊಂಡಿದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸ ಕಾಲ ಬಂತು. ಮನೆಮನೆಗೂ ನಲ್ಲಿಯ ನೀರು ಬಂತು. ಕೊಡ ಹೊತ್ತು ಏಳು ಅಂತಸ್ತು ಹತ್ತುತ್ತಿದ್ದವರಿಗೆ ಅದು ವರವಾಗಿಯೇ ಕಂಡಿತು. ಅದನ್ನು ಬೇಡವೆನ್ನಲು ನಾವಾರು? ಆದರೆ ಹಿಂದೆ ಕೊಡದಲ್ಲಿ ಅಳೆದು ಬಳಸುತ್ತಿದ್ದ ನೀರು ಈಗ ಧಾರಾಳವಾಗಿ ಹರಿಯಿತು. ಕೊಳಾಯಿಗಳು ಸೋರಿದವು. ಬಚ್ಚಲಿನ ನೀರು ಹೊರಗೆ ಹೋಗಲು ಸರಿಯಾದ ಚರಂಡಿಗಳಿರಲಿಲ್ಲ. ನೀರು ಸದ್ದಿಲ್ಲದೆ ಅಡಿಪಾಯದಲ್ಲಿ ಇಂಗಿ, ಗೋಡೆಯ ಬುಡವನ್ನು ಮೆತ್ತಗೆ ಮಾಡಿತು. ಶತಮಾನಗಳ ಕಾಲ ಮುಗಿಲಿನಿಂದ ಬರುವ ನೀರನ್ನು ಎದುರಿಸಿದ್ದ ಮನೆಗಳು ಒಳಗಿನಿಂದಲೇ ಬಂದ ನೀರಿಗೆ ಸೋಲತೊಡಗಿದವು. ಅದೇ ಹೊತ್ತಿಗೆ, ಕಾರು ನಿಲ್ಲಿಸಲು ಸ್ಥಳವಿರುವ, ಮೆಟ್ಟಿಲು ಹತ್ತುವ ಶ್ರಮವಿಲ್ಲದ ಸಿಮೆಂಟಿನ ಮನೆಗಳು ಗೋಡೆಯಾಚೆಯ ಬಯಲಿನಲ್ಲಿ ಎದ್ದವು. ಕೆಲವರು ಹಳೆಯ ಮನೆಗಳಿಗೆ ಬೀಗ ಹಾಕಿ ಹೊರಟುಹೋದರು. ಮಣ್ಣಿನ ಮನೆಗೆ ಇದಕ್ಕಿಂತ ದೊಡ್ಡ ಕೇಡು ಬೇರೆ ಇಲ್ಲ. ಜನವಿಲ್ಲದ ಮನೆಯ ಮಾಳಿಗೆಯನ್ನು ಹತ್ತಿ ನೋಡುವವರು ಯಾರು?

೧೯೮೨ರಲ್ಲಿ ಯುನೆಸ್ಕೊ ಸಂಸ್ಥೆಯು ಶಿಬಾಮನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಗೋಡೆಗಳು ಗಟ್ಟಿಯಾಗುವುದಿಲ್ಲ. ೨೦೦೦ದಲ್ಲಿ ಯೆಮೆನ್ ಸರ್ಕಾರವೂ ಜರ್ಮನಿಯ ನೆರವೂ ಕೂಡಿ ಊರಿನ ಪುನರುಜ್ಜೀವನದ ಯೋಜನೆಯೊಂದನ್ನು ಆರಂಭಿಸಿದವು. ಯೋಜನೆಯವರು ಊರನ್ನು ವಸ್ತುಸಂಗ್ರಹಾಲಯದಂತೆ ಕಾಪಾಡಲು ಹೊರಡಲಿಲ್ಲ. ಮನೆಯ ಯಜಮಾನ ಖರ್ಚಿನ ಒಂದು ಭಾಗವನ್ನು ಹಾಕಿಕೊಂಡರೆ ಇನ್ನೊಂದು ಭಾಗವನ್ನು ಯೋಜನೆ ಕೊಡುತ್ತಿತ್ತು. ಕೆಲಸವನ್ನು ಊರಿನ ಮೇಸ್ತ್ರಿಗಳೇ ಹಳೆಯ ಕ್ರಮದಲ್ಲಿ ಮಾಡುತ್ತಿದ್ದರು. ಕೆಲಸ ಹೆಚ್ಚಿದಂತೆ ಕೈಬಿಟ್ಟುಹೋಗುತ್ತಿದ್ದ ಕಸುಬಿಗೆ ಮತ್ತೆ ಜೀವ ಬಂತು. ಈ ಪ್ರಯತ್ನಕ್ಕೆ ೨೦೦೭ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ದೊರೆಯಿತು.

ಮರುವರ್ಷವೇ ಹಳೆಯ ಶತ್ರು ಮರಳಿ ಬಂದ. ೨೦೦೮ರ ಅಕ್ಟೋಬರ್ ತಿಂಗಳಲ್ಲಿ ಅರಬ್ಬೀ ಸಮುದ್ರದ ವಾಯುಭಾರ ಕುಸಿತದಿಂದ ಹದ್ರಮೌತಿನ ಮೇಲೆ ಭಾರಿ ಮಳೆ ಸುರಿಯಿತು. ವಾದಿಗಳು ಉಕ್ಕಿದವು. ಆ ಪ್ರಾಂತದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು; ಸಾವಿರಾರು ಮನೆಗಳು ಕರಗಿ ಕುಸಿದವು. ದಿಬ್ಬದ ಮೇಲಿದ್ದ ಹಳೆಯ ಶಿಬಾಮ್ ಊರಿಗೂ ಹಾನಿ ತಟ್ಟಿತು. ಆದರೂ ಊರು ನಿಂತಿತು. ಹೊಳೆಯನ್ನು ನೋಡಿ ದಿಬ್ಬವನ್ನು ಆರಿಸಿಕೊಂಡ ಹಿರಿಯರ ವಿವೇಕ ಎಂಥದೆಂಬುದು ಆ ದಿನ ಮತ್ತೆ ಕಂಡಿತು.

ಅನಂತರ ಬಂದ ವಿಪತ್ತು ಮನುಷ್ಯನೇ ತಂದದ್ದು. ೨೦೧೪ರಲ್ಲಿ ಆರಂಭವಾದ ಅಂತರ್ಯುದ್ಧ ೨೦೧೫ರಲ್ಲಿ ಯೆಮೆನ್ ದೇಶವನ್ನೆಲ್ಲ ಆವರಿಸಿತು. ಆ ವರ್ಷದ ಜುಲೈ ತಿಂಗಳಲ್ಲಿ ಯುನೆಸ್ಕೊ ಶಿಬಾಮನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಯುದ್ಧದ ಕಾಲದಲ್ಲಿ ಮಣ್ಣಿನ ಊರಿಗೆ ಬಾಂಬೇ ಬೀಳಬೇಕೆಂದಿಲ್ಲ. ದುಡಿಮೆ ನಿಂತು, ಬೆಲೆಗಳೇರಿ, ಮಕ್ಕಳಿಗೆ ರೊಟ್ಟಿ ತರುವುದೇ ಕಷ್ಟವಾದಾಗ ಗೋಡೆಗೆ ಸುಣ್ಣ ಬಳಿಸಲು ಹಣವೆಲ್ಲಿಂದ ಬರಬೇಕು? ಒಂದು ವರ್ಷದ ದುರಸ್ತಿ ತಪ್ಪಿದರೆ ಬಿರುಕು. ಹಲವು ವರ್ಷ ತಪ್ಪಿದರೆ ಕುಸಿತ. ಇದನ್ನರಿತು ೨೦೧೮ರಿಂದ ಯುರೋಪಿನ ಒಕ್ಕೂಟದ ನೆರವಿನಿಂದ ಯುನೆಸ್ಕೊ ಒಂದು ಯೋಜನೆಯನ್ನು ಕೈಗೊಂಡಿತು. ನಿರುದ್ಯೋಗಿ ತರುಣರಿಗೆ ಕೂಲಿ ಕೊಟ್ಟು, ಅನುಭವಿಗಳಾದ ಮೇಸ್ತ್ರಿಗಳ ಕೈಕೆಳಗೆ ಹಳೆಯ ಮನೆಗಳ ದುರಸ್ತಿಯ ಕೆಲಸದಲ್ಲಿ ತೊಡಗಿಸುವುದು ಅದರ ಕ್ರಮ. ಒಂದೇ ಕೂಲಿಯಿಂದ ಒಂದು ಕುಟುಂಬದ ಒಲೆಯೂ ಉರಿಯಿತು, ಒಂದು ಗೋಡೆಯೂ ಉಳಿಯಿತು, ಒಂದು ಕಸುಬೂ ಮುಂದಿನ ಪೀಳಿಗೆಯ ಕೈ ಸೇರಿತು.

ಕಲ್ಲಿನ ದೇವಾಲಯವನ್ನು ಕಟ್ಟಿದ ಶಿಲ್ಪಿ ಕೆಲಸ ಮುಗಿಸಿ ಉಳಿಯನ್ನು ಕೆಳಗಿಡುತ್ತಾನೆ. ಸಾವಿರ ವರ್ಷಗಳ ಅನಂತರ ನಾವು ಹೋಗಿ ನೋಡಿದರೂ ಅವನ ಕೆಲಸ ಅವನು ಬಿಟ್ಟಂತೆಯೇ ಬಹುಮಟ್ಟಿಗೆ ಇರುತ್ತದೆ. ಮಣ್ಣಿನ ಊರಿನ ರೀತಿ ಬೇರೆ. ಅಲ್ಲಿ ಕಟ್ಟುವ ಕೆಲಸ ಎಂದೂ ಮುಗಿಯುವುದಿಲ್ಲ. ಅಜ್ಜ ಹಾಕಿದ ಗೋಡೆಗೆ ತಂದೆ ಗಿಲಾವು ಮೆತ್ತಿರುತ್ತಾನೆ. ತಂದೆ ಮೆತ್ತಿದ್ದು ಸವೆಯುವ ಹೊತ್ತಿಗೆ ಮಗ ಸುಣ್ಣ ಅರಳಿಸಬೇಕು. ಶಿಬಾಮ್ ಐನೂರು ವರ್ಷಗಳಷ್ಟು ಕಾಲ ನಿಂತಿದೆಯೆಂದರೆ ಅಷ್ಟು ವರ್ಷಗಳಲ್ಲಿ ಯಾವ ತಲೆಮಾರಿನವರೂ ಒಟ್ಟಾಗಿ ಕೈ ಚೆಲ್ಲಿ ಕುಳಿತಿಲ್ಲವೆಂದೇ ಅರ್ಥ. ಹಾಗೆ ಕುಳಿತ ಒಂದೇ ಒಂದು ತಲೆಮಾರು ಬಂದರೆ ಸಾಕು, ಗೋಪುರಗಳು ಮತ್ತೆ ಹೊಲದ ಮಣ್ಣಾಗುತ್ತವೆ.

ಮುಂದೆ ಎಂದಾದರೂ ನಿಮ್ಮ ಊರಿನಲ್ಲಿ ಹಳೆಯ ಮಣ್ಣಿನ ಮನೆಯೊಂದರ ಮಾಳಿಗೆಯನ್ನು ಮಳೆಗಾಲಕ್ಕೆ ಮುಂಚೆ ಯಾರಾದರೂ ಸರಿಪಡಿಸುತ್ತಿದ್ದರೆ ಒಂದು ಗಳಿಗೆ ನಿಂತು ನೋಡಿರಿ. ಯಾವ ಮಣ್ಣು, ಏನು ಬೆರೆಸಿದ್ದಾರೆ, ನೀರು ಯಾವ ಕಡೆಗೆ ಹರಿಯುವಂತೆ ಇಳಿಜಾರು ಕೊಟ್ಟಿದ್ದಾರೆ ಎಂದು ಅವರನ್ನು ಕೇಳಿರಿ. ಸಮುದ್ರದಾಚೆಯ ಶಿಬಾಮಿನಲ್ಲಿಯೂ ಮಾಳಿಗೆ ಹತ್ತಿದವನೊಬ್ಬ ಬೆರಳಿನಿಂದ ಬಿರುಕನ್ನು ಸವರಿ ನೋಡುತ್ತ, ಮುಗಿಲಿನ ಕಡೆಗೊಮ್ಮೆ ಕಣ್ಣು ಹಾಯಿಸುತ್ತಿರಬಹುದು.

ಶಬ್ದಾರ್ಥ

ಪ್ರಸ್ಥಭೂಮಿ – ಎತ್ತರವಾದ ಸಮತಟ್ಟು ನೆಲ
ಮೆಕ್ಕಲು – ಹರಿಯುವ ನೀರು ತಂದು ಹಾಕಿದ ಮಣ್ಣು
ಹಸಿ ಇಟ್ಟಿಗೆ – ಬೆಂಕಿಯಲ್ಲಿ ಸುಡದೆ ಬಿಸಿಲಿನಲ್ಲಿ ಒಣಗಿಸಿದ ಇಟ್ಟಿಗೆ
ಗಿಲಾವು – ಗೋಡೆಗೆ ಮೆತ್ತುವ ಗಾರೆಯ ಲೇಪ
ಉಗ್ರಾಣ – ದವಸಧಾನ್ಯ ಮೊದಲಾದವುಗಳನ್ನು ಇಡುವ ಕೋಣೆ
ಜಾಲಂಧ್ರ – ಸಣ್ಣ ಸಣ್ಣ ರಂಧ್ರಗಳುಳ್ಳ ಕಿಟಕಿ
ಕೈ ಚೆಲ್ಲು – ಪ್ರಯತ್ನವನ್ನು ಬಿಟ್ಟುಬಿಡು

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
೧. ಶಿಬಾಮ್ ಯಾವ ಕಣಿವೆಯಲ್ಲಿದೆ?
೨. 'ವಾದಿ' ಎಂದರೇನು?
೩. ಮಣ್ಣಿಗೆ ಹೊಟ್ಟನ್ನು ಬೆರೆಸುವುದೇಕೆ?
೪. ಶಿಬಾಮ್ ಯಾವ ವರ್ಷ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
೧. ಶಿಬಾಮಿನ ಜನ ಮನೆಗಳನ್ನು ಎತ್ತರವಾಗಿ ಕಟ್ಟಲು ಕಾರಣಗಳೇನು?
೨. ಗೋಡೆಗಳು ಮೇಲೇರಿದಂತೆ ತೆಳುವಾಗುವುದೇಕೆ?
೩. ನಲ್ಲಿಯ ನೀರು ಶಿಬಾಮಿಗೆ ವರವೂ ಕೇಡೂ ಆದುದು ಹೇಗೆ?

ಇ. ಹತ್ತು ವಾಕ್ಯಗಳಲ್ಲಿ ವಿವರಿಸಿ.
೧. 'ಮಣ್ಣಿನ ಊರಿನಲ್ಲಿ ಕಟ್ಟುವ ಕೆಲಸ ಎಂದೂ ಮುಗಿಯುವುದಿಲ್ಲ.' ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿ.
೨. ಶಿಬಾಮಿನ ಮನೆಯ ಒಳರಚನೆಯನ್ನು ವರ್ಣಿಸಿ.

ಈ. ವಿಗ್ರಹಿಸಿ ಸಮಾಸದ ಹೆಸರು ತಿಳಿಸಿ: ಮರಳುಗಾಡು, ಹೆಬ್ಬಾಗಿಲು.

ಉ. ನಿಮ್ಮ ಊರಿನ ಹಳೆಯ ಮನೆಯೊಂದನ್ನು ನೋಡಿ, ಅದನ್ನು ಕಟ್ಟಿದ ಕ್ರಮವನ್ನು ಹಿರಿಯರಿಂದ ತಿಳಿದು ಒಂದು ಪುಟದಷ್ಟು ಬರೆಯಿರಿ.